ಯುರೋಪಿನ ಬಾಹ್ಯಾಕಾಶ ದೂರದರ್ಶಕ ಯೂಕ್ಲಿಡ್‌ನ ಕನ್ನಡಿಗೆ ನಿರ್ವಾತದಲ್ಲಿ ಹಿಮ ಕಟ್ಟಿದ್ದು ಹೇಗೆ? ಅದಕ್ಕೆ ಇಡೀ ದೂರದರ್ಶಕವನ್ನೇ ಏಕೆ ಬಿಸಿ ಮಾಡಲಿಲ್ಲ?

ಆ ನೀರು ಭೂಮಿಯಿಂದಲೇ ಜೊತೆಗೆ ಹೋದದ್ದು. ದೂರದರ್ಶಕಕ್ಕೆ ಹೊದಿಸುವ ಬಹುಪದರದ ಇನ್ಸುಲೇಶನ್, ಅಂಟು ಮುಂತಾದವು ಜೋಡಣೆಯ ಹೊತ್ತಿನಲ್ಲೇ ಗಾಳಿಯ ತೇವ ಹೀರಿಕೊಂಡಿರುತ್ತವೆ. ನಿರ್ವಾತದಲ್ಲಿ ಅದನ್ನು ತಿಂಗಳುಗಟ್ಟಲೆ ನಿಧಾನವಾಗಿ ಬಿಡುತ್ತಾ ಹೋಗುತ್ತವೆ. ಹೊರಬಿದ್ದ ಅಣು ಬೆಚ್ಚಗಿನ ಮೇಲ್ಮೈಗೆ ಬಡಿದರೆ ಮತ್ತೆ ಹಾರುತ್ತದೆ, ತೀರಾ ತಣ್ಣಗಿನದಕ್ಕೆ ಬಡಿದರೆ ಅಲ್ಲೇ ಅಂಟಿಕೊಳ್ಳುತ್ತದೆ.

ಹಾರಿಸುವ ಮೊದಲು ವಸ್ತುಗಳನ್ನು ಪರೀಕ್ಷಿಸುವುದಿಲ್ಲವೇ ಎಂದರೆ, ಪರೀಕ್ಷಿಸುತ್ತಾರೆ. ನಿರ್ವಾತದಲ್ಲಿ 125 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಕಾಯಿಸಿದಾಗ ತೂಕ ಶೇ 1ಕ್ಕಿಂತ ಹೆಚ್ಚು ಇಳಿಯಬಾರದು, ಎದುರಿಗಿಟ್ಟ 25 ಡಿಗ್ರಿಯ ತಟ್ಟೆಯ ಮೇಲೆ ಶೇ 0.1ಕ್ಕಿಂತ ಹೆಚ್ಚು ಕೂರಬಾರದು. ಆದರೆ 25 ಡಿಗ್ರಿಯ ತಟ್ಟೆಯ ಮೇಲೆ, ಅದೂ ನಿರ್ವಾತದಲ್ಲಿ, ನೀರು ನಿಲ್ಲುವುದೇ ಇಲ್ಲವಲ್ಲ! ಶೀತಲ ದೂರದರ್ಶಕಗಳಿಗೆ ಈ ಪರೀಕ್ಷೆಯೊಂದೇ ಸಾಲದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಯೂಕ್ಲಿಡ್ ಹಾರಿದ್ದು 2023ರ ಜುಲೈ 1ರಂದು. ನೀರು ಹೊರಹೋಗಲೆಂದು ಶುರುವಿನಲ್ಲೇ ಅದನ್ನು ಬಿಸಿ ಮಾಡಿದ್ದರೂ ಸ್ವಲ್ಪ ಉಳಿದುಕೊಂಡಿತು. ಒಂದೇ ನಕ್ಷತ್ರಗಳನ್ನು ಮತ್ತೆ ಮತ್ತೆ ಅಳೆದಾಗ ಬೆಳಕು ಕುಗ್ಗುತ್ತಿರುವುದು ನವೆಂಬರ್‌ನಲ್ಲಿ ಕಂಡಿತು. ಹಿಮದ ದಪ್ಪ ಕೆಲವು ಹತ್ತು ನ್ಯಾನೋಮೀಟರ್‌ಗಳ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರ್‌ನ ಹತ್ತು ಲಕ್ಷದಲ್ಲೊಂದು ಪಾಲು) ಮಟ್ಟದ್ದು, ಅಷ್ಟೆ.

2024ರ ಮಾರ್ಚ್‌ನಲ್ಲಿ ಒಂದು ಕನ್ನಡಿಯನ್ನು ಮಾತ್ರ ಮೈನಸ್ 147ರಿಂದ ಮೈನಸ್ 113 ಡಿಗ್ರಿಗೆ ಏರಿಸಿದರು. ಸುಮಾರು 100 ನಿಮಿಷದ ಕೆಲಸ. ಬೆಳಕು ಶೇ 15ರಷ್ಟು ಹೆಚ್ಚಿತು. ಹಿಮ ಕರಗಬೇಕಿಲ್ಲ, ನೇರವಾಗಿ ಆವಿಯಾದರೆ ಸಾಕು. ಆ 34 ಡಿಗ್ರಿಯಲ್ಲಿ ಆವಿಯಾಗುವ ವೇಗ ಸಾವಿರಾರು ಪಟ್ಟು ಏರುತ್ತದೆ.

ಇಡೀ ದೂರದರ್ಶಕವನ್ನು ಕಾಯಿಸಿದರೆ ಅದರ ಭಾಗಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ತಣಿದ ಮೇಲೆ ಎಲ್ಲವೂ ಮೊದಲಿದ್ದ ಜಾಗಕ್ಕೇ ಕರಾರುವಾಕ್ಕಾಗಿ ಮರಳುತ್ತವೆಂಬ ಖಾತ್ರಿಯಿಲ್ಲ. ಫೋಕಸ್, ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯೇ ಎಂಬ ಹೊಂದಾಣಿಕೆ) ಎಲ್ಲ ಮತ್ತೆ ನೋಡಬೇಕು. ಹಿಮ ಯಾವ ಕನ್ನಡಿಯ ಮೇಲಿತ್ತು ಎಂಬುದೂ ಗೊತ್ತಾಗುವುದಿಲ್ಲ. ಒಂದೊಂದನ್ನೇ ಬಿಸಿ ಮಾಡಿ ಬೆಳಕು ಅಳೆಯುವುದೇ ಸರಿಯಾದ ದಾರಿ ಎನ್ನುವುದು ನನ್ನ ಅಭಿಪ್ರಾಯ. ಬಿಟ್ಟ ಆವಿ ಬೇರೆ ತಣ್ಣನೆಯ ಭಾಗದ ಮೇಲೆ ಕೂರಬಹುದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ತಣಿಯುವಾಗ ಉಪಕರಣಗಳ ಹೀಟರ್‌ಗಳನ್ನು ಕೆಲಕಾಲ ಉರಿಸಿಯೇ ಇಟ್ಟದ್ದು ಇದೇ ಕಾರಣಕ್ಕೆ: ಸುತ್ತಲಿನಿಂದ ಬರುವ ನೀರು ಅವುಗಳ ಮೇಲೆ ಹೆಪ್ಪುಗಟ್ಟಬಾರದು.

ಇನ್ನು, ಎಲ್ಲ ಕೊಳೆಯೂ ನೀರಲ್ಲ. ಚಂದ್ರಾ ಎಕ್ಸ್-ರೇ ದೂರದರ್ಶಕದ ಏಸಿಸ್ ಕ್ಯಾಮೆರಾದ ಫಿಲ್ಟರ್ ಮೇಲೆ ಕೂತಿರುವುದು ಬಹುಪಾಲು ಇಂಗಾಲದ ಸಂಯುಕ್ತಗಳು. ಅದನ್ನು ಬಿಸಿ ಮಾಡಿ ತೆಗೆಯುವ ಸಾಹಸಕ್ಕೆ ಹೋಗದೆ, ಪದರದ ದಪ್ಪವನ್ನು ಅಳೆದು ದತ್ತಾಂಶದಲ್ಲೇ ಸರಿಪಡಿಸಿಕೊಳ್ಳುತ್ತಾರೆ.