ಎಂಟರಲ್ಲಿ ಒಂದು ಭಾಗ

(ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರ ವಿಷಯವಿದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ. ಬರೆಯಲು ಆಕೆಯ ಒಪ್ಪಿಗೆಯಿದೆ.)

ವಯಸ್ಸು 26. ಕಲ್ಯಾಣ ಕರ್ನಾಟಕದ ಹಳ್ಳಿಯವರು, ಅಪ್ಪ ಅವ್ವ ಕೂಲಿ ಮಾಡುತ್ತಾರೆ. ನೆಟ್ ಪರೀಕ್ಷೆ ಪಾಸಾಗಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಿರುವ ರಾಷ್ಟ್ರೀಯ ಫೆಲೋಶಿಪ್ ಪಡೆದು, ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಜೀನೋಮ್ (ಒಬ್ಬರ ಇಡೀ ಡಿಎನ್‌ಎ) ದತ್ತಾಂಶದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾರೆ. ನನ್ನ ಬಳಿ ಬಂದಾಗ ಎರಡನೇ ವರ್ಷ. ಎರಡು ತಿಂಗಳಿಂದ ನಿದ್ದೆಯಿಲ್ಲ, ಲ್ಯಾಬ್ ಮೀಟಿಂಗ್ ದಿನ ಬೆಳಿಗ್ಗೆ ಹೊಟ್ಟೆ ತೊಳಸುತ್ತದೆ ಎಂದರು.

"ಕೋಟಾದಾಗ ಬಂದಾಕಿ ಅಂತಾರ್ರೀ ಮೇಡಂ. ಎದುರಿಗೆ ಅನ್ನಂಗಿಲ್ಲ. ನನಗ ಕೇಳಸೂ ಹಂಗ ಅಂತಾರ."

ಮೊದಲ ಭೇಟಿಯ ಅರ್ಧ ಹೊತ್ತು ಹೋದ ಮೇಲೆ ಇನ್ನೊಂದು ವಿಷಯ ಹೊರಗೆ ಬಂತು. ಫೆಲೋಶಿಪ್ ಹಣ ನಾಲ್ಕು ತಿಂಗಳಿಂದ ಬಂದಿರಲಿಲ್ಲ. ಸಂಸ್ಥೆಯ ಕಚೇರಿಯಿಂದ ಹೋಗಬೇಕಿದ್ದ ದೃಢೀಕರಣ ಯಾರದೋ ಮೇಜಿನ ಮೇಲೆ ಉಳಿದಿತ್ತು. ಕಾಗದದ ಮೇಲೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಮಗಳು ಬೆಂಗಳೂರಲ್ಲಿ ದುಡಿಯುತ್ತಾಳೆಂದು ಮನೆಯವರು ತಮ್ಮನ ಫೀಸಿಗೆ ಕೇಳುತ್ತಿದ್ದರು. ಈಕೆ ಗೆಳತಿಯರ ಹತ್ತಿರ ಸಾಲ ಮಾಡಿ ಕಳಿಸಿ, ತಾನು ಒಂದೇ ಹೊತ್ತು ಉಣ್ಣುತ್ತಿದ್ದರು. ಹೊಟ್ಟೆಗಿಲ್ಲದವರಿಗೆ ಆತ್ಮವಿಶ್ವಾಸದ ಪಾಠ ಹೇಳುವುದು ಅನ್ಯಾಯ. ಅವತ್ತು ನಾವು ಮಾತಾಡಿದ್ದು ಊಟ, ಬಾಡಿಗೆ, ಸಾಲದ ಲೆಕ್ಕ ಮಾತ್ರ.

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಂಥ ಪ್ರಕರಣದಲ್ಲಿ ಸುತ್ತಿ ಬಳಸಿ ಕೇಳಬಾರದು. "ಇಲ್ರೀ, ಊರಿಗೆ ಹೋಗಿಬಿಡಬೇಕು ಅನಸ್ತದ" ಎಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದು ಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಭೇಟಿಯಲ್ಲಿ ನಿಜವಾದ ಗಾಯ ಕಂಡಿತು. ಲ್ಯಾಬಿನ ದತ್ತಾಂಶದಲ್ಲಿ ಹಲವು ಸ್ಯಾಂಪಲ್‌ಗಳನ್ನು ಗುಣಮಟ್ಟ ಸರಿಯಿಲ್ಲವೆಂದು ತೆಗೆದುಹಾಕಿದ್ದರು. ಅವುಗಳಲ್ಲಿ ತಾಯಿಯಿಂದ ಬಂದ ಡಿಎನ್‌ಎ ಪ್ರತಿಯೂ ತಂದೆಯಿಂದ ಬಂದ ಪ್ರತಿಯೂ ಉದ್ದುದ್ದ ಭಾಗಗಳಲ್ಲಿ ತದ್ರೂಪವಾಗಿದ್ದವು. ತಂತ್ರಾಂಶ ಅದನ್ನು ದೋಷವೆಂದು ಗುರುತು ಹಾಕಿತ್ತು. ಈಕೆ ಆ ಪಟ್ಟಿ ನೋಡುತ್ತಾ ಕೂತವರು, ಇದು ದೋಷವಲ್ಲ, ಮದುವೆ ಎಂದರು. ಸೋದರಮಾವನನ್ನು ಮದುವೆಯಾದವರ ಮಕ್ಕಳಲ್ಲಿ ಜೀನೋಮಿನ ಸರಾಸರಿ ಎಂಟರಲ್ಲಿ ಒಂದು ಭಾಗ ಹೀಗೇ ಇರುತ್ತದೆ. ಅತ್ತೆ-ಮಾವನ ಮಕ್ಕಳು ಮದುವೆಯಾದರೆ ಹದಿನಾರರಲ್ಲಿ ಒಂದು. ಸ್ಯಾಂಪಲ್‌ಗಳು ಹಿಂದಕ್ಕೆ ಬಂದವು. ಮುಂದಿನ ವಾರ ಸೀನಿಯರ್ ಒಬ್ಬರು ಅದನ್ನೇ "ನಾವು ಗಮನಿಸಿದೆವು" ಎಂದು ಮಂಡಿಸಿದರು. ಈಕೆಯ ಹೆಸರಿರಲಿಲ್ಲ.

"ನಮ್ಮವ್ವನ್ನ ಆಕಿ ಸ್ವಾದರಮಾವಗ ಕೊಟ್ಟಾರ್ರೀ. ತೆಗೆದು ಹಾಕಿದ್ದು ನನ್ನಂಥವರನ್ನs ಮೇಡಂ." ಇದನ್ನು ಲ್ಯಾಬಿನಲ್ಲಿ ಯಾರಿಗೂ ಹೇಳಿರಲಿಲ್ಲ. ಈ ಮಾತು ಬರೆಯಬಹುದೇ ಎಂದು ನಾನು ಎರಡು ಸಲ ಕೇಳಿದ್ದೇನೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಸಮಾಧಾನ ಹೇಳುವ ಆತುರದಲ್ಲಿ ಓದಿದ್ದನ್ನೆಲ್ಲ ಹೇಳಿದೆ. 2016ರ ಲೆಕ್ಕದಂತೆ ಜಗತ್ತಿನ ಇಂಥ ಜೀನೋಮ್ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ನೂರಕ್ಕೆ 81 ಮಂದಿ ಯುರೋಪ್ ಮೂಲದವರು. ಹೃದಯದ ಸ್ನಾಯುವಿಗೆ ಸಂಬಂಧಿಸಿದ ಒಂದು ಜೀನ್‌ನಲ್ಲಿ ಡಿಎನ್‌ಎಯ 25 ಅಕ್ಷರ ಬಿಟ್ಟುಹೋಗಿರುವುದು ದಕ್ಷಿಣ ಏಷ್ಯಾದವರಲ್ಲಿ ಸುಮಾರು ನೂರಕ್ಕೆ ನಾಲ್ವರಲ್ಲಿದೆ. ಅದರ ಮಹತ್ವ 2009ರಲ್ಲಿ ಗೊತ್ತಾಗಿದ್ದು ನಮ್ಮ ಜನರನ್ನೇ ಪರೀಕ್ಷಿಸಿದ್ದರಿಂದ. ಹತ್ತು ಸಾವಿರ ಭಾರತೀಯರ ಜೀನೋಮ್ ಓದಿದ ಯೋಜನೆ ನಡೆದದ್ದೂ ಅದಕ್ಕೇ. ಓದುವವರೂ ಎಲ್ಲ ಕಡೆಯಿಂದ ಬರಬೇಕು, ಫೆಲೋಶಿಪ್ ಇರುವುದು ಅದಕ್ಕಾಗಿ, ನಿಮ್ಮಿಂದ ವಿಜ್ಞಾನಕ್ಕೇ ಲಾಭ ಎಂದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಂದ್ರ ನಾ ಉಪಯೋಗಕ್ಕ ಬಂದ್ರ ಅಷ್ಟs ಇರಬೇಕೇನ್ರೀ? ಬಾಜೂ ಕುಂತಾವರಿಗೆ ಹಿಂಗ ಯಾರೂ ಕೇಳಂಗಿಲ್ಲಲ್ರೀ."

ನಾನು ಕೊಟ್ಟ ಅಂಕಿ ಅಂಶಗಳು ಸುಳ್ಳಲ್ಲ. ಆದರೆ ಅವುಗಳಿಂದ ಆಕೆಯ ಸ್ಥಾನಕ್ಕೆ ಬಾಡಿಗೆ ಗೊತ್ತು ಮಾಡಿದಂತಾಗಿತ್ತು. ಅದನ್ನು ಒಪ್ಪಿಕೊಂಡೆ. ಪರೀಕ್ಷೆ ಬರೆದು ಹಕ್ಕಿನಿಂದ ಬಂದಿದ್ದೀರಿ, ಉಳಿದವರಂತೆ ನಿಮಗೂ ಸಾಧಾರಣ ದಿನಗಳು, ತಪ್ಪಿಹೋದ ಪ್ರಯೋಗಗಳು ಇರಬಹುದು, ಅದಕ್ಕೆ ಯಾರಿಗೂ ಜವಾಬು ಕೊಡಬೇಕಿಲ್ಲ ಎಂದೆ. ಆಗ ಮೊದಲ ಸಲ ಅತ್ತರು.

ಮುಂದೆ ಕೊಟ್ಟ ಸಲಹೆಯಲ್ಲಿ ಹಣವೇ ಮೊದಲು. ಕಚೇರಿಗೆ ತಾರೀಕು ಸಹಿತ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ, ಗೈಡಿಗೂ ಸಂಸ್ಥೆಯ ಪರಿಶಿಷ್ಟರ ಘಟಕಕ್ಕೂ ಪ್ರತಿ ಕಳಿಸಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಾಖಲೆಯಿರುವುದಿಲ್ಲ. ಮನೆಗೆ ನಿಜ ಹೇಳಿ. ಇದು ಆಕೆಗೆ ಎಲ್ಲಕ್ಕಿಂತ ಕಷ್ಟವಾಯಿತು, ಫೋನಿನಲ್ಲಿ ಏನು ಹೇಳುವುದೆಂದು ನನ್ನ ಎದುರೇ ಎರಡು ಸಲ ಹೇಳಿ ನೋಡಿದರು. ಜಾತಿಯ ಮಾತು ಬಂದಾಗೆಲ್ಲ ದಿನ, ಹೊತ್ತು, ಆಡಿದ ಮಾತು, ಯಾರಿದ್ದರು ಎಂದು ಬರೆದಿಡಿ. ಸಂಸ್ಥೆಗಳಲ್ಲಿ ತಾರತಮ್ಯ ತಡೆ ಅಧಿಕಾರಿ ಇರಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2012ರಲ್ಲೇ ನಿಯಮ ಮಾಡಿದೆ. ದೂರು ಕೊಡುವುದೋ ಬಿಡುವುದೋ, ಯಾವಾಗ ಎಂಬುದು ನಿಮ್ಮ ತೀರ್ಮಾನ, ನಾನು ಒತ್ತಾಯಿಸುವುದಿಲ್ಲ. ಸ್ಯಾಂಪಲ್ ವಿಷಯವನ್ನು, ನೀವು ಕಂಡ ದಿನಾಂಕ ಮತ್ತು ಕೋಡ್ ಸಹಿತ, ಗೈಡಿಗೆ ಇಮೇಲ್ ಮಾಡಿ, ಪ್ರಬಂಧದಲ್ಲಿ ಹೆಸರಿರಬೇಕೆಂದು ಕೇಳಿ. ನಿಮ್ಮ ಮನೆಯ ವಿಷಯ ಹೇಳಬೇಕಾಗಿಲ್ಲ. ಪಿಎಚ್‌ಡಿ ಬಿಡುವ ನಿರ್ಧಾರವನ್ನು ನಿದ್ದೆ ಮರಳಿ ಬರುವವರೆಗೆ ಮುಂದಕ್ಕೆ ಹಾಕಿ.

ಆರು ಭೇಟಿಗಳಾದವು. ಹಣ ಬಂದದ್ದು ಬರೆದುಕೊಟ್ಟ ಏಳನೇ ವಾರಕ್ಕೆ, ಬಾಕಿ ಸೇರಿ ಒಟ್ಟಿಗೆ. ಅಪ್ಪ ಬೈಯಲಿಲ್ಲವಂತೆ, "ಉಂಡೀಯೇನು?" ಎಂದಷ್ಟೇ ಕೇಳಿದರಂತೆ. ಗೈಡ್ ಇಮೇಲಿಗೆ ಎರಡೇ ಸಾಲಿನ ಉತ್ತರ ಬರೆದರು, ಕರಡಿನಲ್ಲಿ ಹೆಸರು ಎರಡನೆಯದಾಗಿ ಸೇರಿತು. ಮೊದಲನೆಯದು ಆ ಸೀನಿಯರ್‌ದು. ಇಷ್ಟಕ್ಕೆ ಒಪ್ಪಬೇಕೇ ಎಂದು ಆಕೆ ಇನ್ನೂ ಯೋಚಿಸುತ್ತಿದ್ದಾರೆ. ದೂರು ಕೊಟ್ಟಿಲ್ಲ. ಬರೆದಿಟ್ಟ ನೋಟ್‌ಬುಕ್ ಜೊತೆಗಿದೆ. ಈಗ ರಾತ್ರಿ ಐದು ಗಂಟೆಯಷ್ಟು ನಿದ್ದೆ ಬರುತ್ತಿದೆ.