ದತ್ತು ಮಗು ಬಂದರೆ ತವರಿನವರು ನನ್ನನ್ನು ಮತ್ತೆ ಸೇರಿಸಿಕೊಳ್ಳುತ್ತಾರೆಯೇ?

ನಿಮಗೆ 44 ವರ್ಷ, ತೊನ್ನಿನ ಕಾರಣಕ್ಕೆ ಮದುವೆಯಾಗಲಿಲ್ಲ, ತವರಿನವರು ಶುಭಕಾರ್ಯಗಳಿಗೆ ಕರೆಯುವುದಿಲ್ಲ. ಹಸುಗೂಸೊಂದನ್ನು ದತ್ತು ಪಡೆದರೆ ಒಂಟಿತನ ಕಳೆದು ಅವರೂ ಹತ್ತಿರವಾದಾರೇ ಎಂದು ಕೇಳಿದ್ದೀರಿ. ನಾನೂ ತೊನ್ನಿನವಳೇ. ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ, ತುಟಿಯಂಚಿಗೆ ಮೊದಲ ಬಿಳಿ ಕಲೆ ಬಂದಂದಿನಿಂದ ಆರತಿ ತಟ್ಟೆಗೂ ಹಸೆಮಣೆಯ ಸುತ್ತಲಿನ ಹೆಂಗಸರ ಗುಂಪಿಗೂ ದೂರವಾದವಳು. ತಂಗಿಯನ್ನು ನೋಡಲು ಗಂಡಿನವರು ಬಂದ ದಿನಗಳಲ್ಲಿ ನನ್ನನ್ನು ಹಿತ್ತಿಲ ಕೋಣೆಯಲ್ಲಿ ಕೂರಿಸಿ ಬಾಗಿಲು ಮುಂದಕ್ಕೆಳೆಯುತ್ತಿದ್ದರು.

ಸರ್ಕಾರಿ ನೌಕರಿ ಸಿಕ್ಕಿ ತುಮಕೂರಿಗೆ ಬಂದೆ. ದತ್ತು ಪಡೆಯಲು ನೋಂದಾಯಿಸಿದಾಗ ನನ್ನ ವಯಸ್ಸಿಗೆ ನಾಲ್ಕು ವರ್ಷ ದಾಟಿದ ಮಕ್ಕಳಷ್ಟೇ ಸಿಗುವಂತಿತ್ತು. ಹಾಗೆ ಬಂದವಳು ನನ್ನ ಮಗಳು, ಆಗ ಆರು ವರ್ಷದವಳು. ಸಂಸ್ಥೆಯಲ್ಲಿ ಬೆಳೆದ ಅಭ್ಯಾಸದಿಂದ ಪ್ರತಿ ಸಲವೂ ಲೋಟ ಹಿಡಿದು ನಿಂತು, "ನೀರು ಕುಡೀಲಾ?" ಎಂದು ಅಪ್ಪಣೆ ಕೇಳುತ್ತಿದ್ದಳು. ನನ್ನ ಕಲೆಗಳ ಬಗ್ಗೆ ಅವಳು ಕೇಳಿದ್ದು ಒಂದೇ, ಅವು ನೋಯುತ್ತವೆಯೇ ಎಂದು. ಇಲ್ಲವೆಂದೆ. ಆ ಮಾತು ಅಲ್ಲಿಗೇ ಮುಗಿಯಿತು. ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಕೇಳದೆಯೇ ಕೊಡದಿಂದ ನೀರು ಬಗ್ಗಿಸಿಕೊಂಡು ಕುಡಿದು ಲೋಟವನ್ನು ಅಲ್ಲೇ ಬಿಟ್ಟು ಆಡಲು ಓಡಿದಾಗ, ಈ ಮನೆ ಅವಳದೂ ಆಯಿತೆಂದು ನನಗೆ ಆದ ಸಂತೋಷವನ್ನು ಹೇಳಲಾರೆ.

ಆಮೇಲೆ ನಾನು ಮಾಡಿದ ತಪ್ಪನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಅದೇ ತಪ್ಪು ಮೊಳಕೆಯೊಡೆದಿದೆ. ಅಣ್ಣನ ಹೊಸ ಮನೆಯ ಗೃಹಪ್ರವೇಶಕ್ಕೆ ಎಷ್ಟೋ ವರ್ಷಗಳ ಮೇಲೆ ನನಗೆ ಕರೆ ಬಂತು. ಮಗುವಿನ ಮುಖ ನೋಡಿಯಾದರೂ ನನ್ನನ್ನು ಒಳಗೆ ಸೇರಿಸಿಕೊಂಡಾರು ಎಂಬ ಆಸೆಯಿಂದ, ಅವಳಿಗೆ ರೇಷ್ಮೆ ಲಂಗ ಹೊಲಿಸಿ ಕರೆದುಕೊಂಡು ಹೋದೆ. ಊಟಕ್ಕೆ ಎಲ್ಲರಿಗೂ ಪಡಸಾಲೆಯಲ್ಲಿ ಎಲೆ ಹಾಕಿದರು, ನಮ್ಮಿಬ್ಬರಿಗೆ ಹಿತ್ತಿಲ ಜಗುಲಿಯಲ್ಲಿ. ಹಿರಿಯರೊಬ್ಬರು ಮಗುವನ್ನೇ ನಿಲ್ಲಿಸಿ ಅವಳ ಹುಟ್ಟು, ಜಾತಿ ವಿಚಾರಿಸಿದರು. ನಾನು ಸುಮ್ಮನಿದ್ದೆ. ಅಂಥ ಎಲೆಗೆ ನಾನು ಒಗ್ಗಿಹೋಗಿದ್ದೆ, ಮಾತನಾಡಿದರೆ ಮುಂದಿನ ಕರೆ ತಪ್ಪೀತೆಂಬ ಭಯವೂ ಇತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು: "ಅಮ್ಮಾ, ನಾನು ಬಂದಿದ್ದಕ್ಕೆ ನಿನ್ನನ್ನೂ ಆಚೆ ಕೂರಿಸಿದರಾ?"

ನನಗೆ ಬಾಲ್ಯದಿಂದ ಆಗುತ್ತಿದ್ದ ಅವಮಾನವನ್ನು ಆ ಕೂಸು ತನ್ನ ತಪ್ಪೆಂದು ಹೊತ್ತುಕೊಂಡಿತ್ತು. ಮರುದಿನ ಬೆಳಿಗ್ಗೆ ಮತ್ತೆ ಲೋಟ ಹಿಡಿದು ಅಪ್ಪಣೆಗಾಗಿ ನಿಂತಳು. ಅಲ್ಲಿಗೆ ಹೋದದ್ದಷ್ಟೇ ನನ್ನ ತಪ್ಪಲ್ಲ. ನಾನು ಕಳೆದುಕೊಂಡ ಸ್ಥಾನವನ್ನು ಮರಳಿ ಗಳಿಸಲು ಅವಳನ್ನು ಮುಂದೆ ಮಾಡಿದ್ದು, ಅವಳ ಪರವಾಗಿ ಬಾಯಿ ತೆರೆಯಬೇಕಾದಲ್ಲಿ ಅಣ್ಣನ ಮನೆಯ ಮರ್ಯಾದೆಗೆ ಹೆದರಿದ್ದು ತಪ್ಪು. ದತ್ತು ಪಡೆದ ನಂತರ ಎರಡು ವರ್ಷಗಳ ಕಾಲ, ಪ್ರತಿ ಆರು ತಿಂಗಳಿಗೊಮ್ಮೆ, ಸಮಾಜ ಕಾರ್ಯಕರ್ತರು ಮನೆಗೆ ಬಂದು ವಿಚಾರಿಸುತ್ತಾರೆ. ಅವರಿಗೆ ಇದನ್ನೆಲ್ಲ ಮುಚ್ಚಿಡದೆ ಹೇಳಿದೆ. ನಡೆದದ್ದರಲ್ಲಿ ಅವಳ ತಪ್ಪಿಲ್ಲವೆಂದು ಮಗುವಿಗೆ ಬಾಯಿಬಿಟ್ಟು ಹೇಳಿ ಎಂದರು. ಹೇಳಿದೆ, ಅದನ್ನು ಅವಳು ನಂಬಲು ಬಹಳ ಕಾಲ ಬೇಕಾಯಿತು.

ಆದ್ದರಿಂದ ತವರಿನವರು ಹತ್ತಿರವಾಗುತ್ತಾರೆಯೇ ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ. ಒಂಟಿತನ ನೀಗಿಸುವ ಕೆಲಸವನ್ನೂ ಮಗುವಿಗೆ ಒಪ್ಪಿಸಬೇಡಿ. ನನ್ನ ಒಂಟಿತನ ಕಳೆದದ್ದು ಅವಳನ್ನು ಶಾಲೆಗೆ ಬಿಡಲು, ಜ್ವರಕ್ಕೆ ಔಷಧ ತರಲು, ಅವಳ ಜಗಳ ಬಿಡಿಸಲು ಹೊಸಿಲು ದಾಟಿ ಜನರ ನಡುವೆ ಹೋಗಲೇಬೇಕಾದ್ದರಿಂದ. ಕೆಳಗಿನ ಮನೆಯ ಅಜ್ಜಿ ಈಗ ಸಂಜೆ ಅವಳಿಗೆ ಜಡೆ ಹೆಣೆಯುತ್ತಾ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅವರೆಕಾಳು ಸುಲಿಸುತ್ತಾರೆ. ನನ್ನ ಕೈ ಸೋಕಿದ ಕಾಳಿನಿಂದಲೇ ಅವರ ಮನೆಯ ಸಾರು.

ಹಸುಗೂಸಿನ ಆಸೆಯನ್ನೂ ಬಿಡಿ. ದತ್ತು ನಿಯಮಾವಳಿ 2022ರ ಪ್ರಕಾರ ಎರಡು ವರ್ಷದೊಳಗಿನ ಮಗುವಿಗೆ ಒಂಟಿ ಪೋಷಕರ ವಯೋಮಿತಿ 40, ಎರಡರಿಂದ ನಾಲ್ಕು ವರ್ಷದ ಮಗುವಿಗೆ 45, ನಾಲ್ಕರಿಂದ ಎಂಟರವರೆಗೆ 50, ಅದಕ್ಕೂ ದೊಡ್ಡ ಮಕ್ಕಳಿಗೆ 55. ಬಹುತೇಕರು ಚಿಕ್ಕ ಶಿಶುವನ್ನೇ ಬಯಸುವುದರಿಂದ ದೊಡ್ಡ ಮಕ್ಕಳು ಉಳಿದುಬಿಡುತ್ತಾರೆ. ಒಂಟಿ ಮಹಿಳೆ ಗಂಡು, ಹೆಣ್ಣು ಯಾವ ಮಗುವನ್ನಾದರೂ ದತ್ತು ಪಡೆಯಬಹುದು. ಪೋಷಕರಿಗೆ ಜೀವಕ್ಕೆ ಅಪಾಯವೊಡ್ಡುವ ಕಾಯಿಲೆ ಇರಬಾರದೆಂಬ ನಿಯಮವಿದೆ; ತೊನ್ನು ಅಂಥದ್ದಲ್ಲ, ಅಂಟುವುದೂ ಇಲ್ಲ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳೇ ನೀಡುತ್ತಾರೆ. ಮಗುವಿಗೆ ಆಸ್ತಿ ಸೇರದೆಂದು ನಿಮ್ಮ ಅಣ್ಣ ಹೇಳಿದ್ದಾಗಿ ಬರೆದಿದ್ದೀರಿ. ಅದು ಸುಳ್ಳು. 2015ರ ಬಾಲನ್ಯಾಯ ಕಾಯ್ದೆಯ 63ನೇ ಕಲಮಿನಂತೆ, ಆದೇಶವಾದ ದಿನದಿಂದ ಉತ್ತರಾಧಿಕಾರವೂ ಸೇರಿದಂತೆ ಎಲ್ಲ ವಿಷಯದಲ್ಲಿ ಅದು ನಿಮ್ಮದೇ ಮಗು.

ದತ್ತಿನ ಬಗ್ಗೆ ವಿಚಾರಿಸಲು ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಈ ವಾರವೇ ಹೋಗಿ ಬನ್ನಿ. ಮನೆಯ ಪರಿಶೀಲನೆಗೆ ಬಂದವರು, ನಿಮಗೇನಾದರೂ ಆದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಖಂಡಿತ ಕೇಳುತ್ತಾರೆ. ಆಗ ರಕ್ತಸಂಬಂಧವೆಂಬ ಒಂದೇ ಕಾರಣಕ್ಕೆ ಅಣ್ಣನ ಹೆಸರು ಹೇಳಬೇಡಿ. ನಡುರಾತ್ರಿಯಲ್ಲಿ ಕರೆದರೂ ನಿಮ್ಮ ಮನೆಗೆ ಓಡಿ ಬರುವವರ ಹೆಸರು ಹೇಳಿ.