ಸ್ಕ್ಯಾನ್ ನೋಡಿ ಮುಂದಿನದು ಹೇಳೋಕೆ ಆಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ 24 ವರ್ಷ. ಅಣ್ಣಿಗೇರಿ ಹತ್ತಿರ ಬೈಕ್ ಸ್ಕಿಡ್ ಆಗಿ ತಲೆಗೆ ಪೆಟ್ಟಾಗಿದೆ. ಹತ್ತು ದಿನದಿಂದ ಹುಬ್ಬಳ್ಳಿಯಲ್ಲಿ ಐಸಿಯುನಲ್ಲಿದ್ದಾನೆ, ಎಚ್ಚರವಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ದೊಡ್ಡದೇನೂ ಇಲ್ಲ ಅಂತಾರೆ. ಎಂಆರ್‌ಐ ಮಾಡಿಸಿದರೆ ಉಳಿಯುತ್ತಾನಾ ಇಲ್ಲವಾ ಗೊತ್ತಾಗುತ್ತಂತೆ, ಹೌದಾ? ಊರಿನ ಮಂದಿ ಮನೆಗೆ ಕರ್ಕೊಂಡು ಬನ್ನಿ ಅಂತಿದ್ದಾರೆ.
– ಓದುಗರು, ಗದಗ

ಉತ್ತರ: ಹತ್ತನೇ ದಿನಕ್ಕೇ ಕೈಚೆಲ್ಲಬೇಡಿ. ಹಾಗಂತ ಎಲ್ಲಾ ಭಾರವನ್ನೂ ಒಂದು ಎಂಆರ್‌ಐ ಮೇಲೆ ಹಾಕಲೂಬೇಡಿ.

ಸಿಟಿ ಮಾಡುವುದು ತುರ್ತಿಗೆ. ರಕ್ತ ಹೆಪ್ಪುಗಟ್ಟಿದೆಯಾ, ಮಿದುಳು ಊದಿಕೊಂಡಿದೆಯಾ, ಆಪರೇಷನ್ ಬೇಕಾ ಅಂತ ನಿಮಿಷಗಳಲ್ಲಿ ಗೊತ್ತಾಗುತ್ತೆ. ಆದರೆ ಬೈಕಿನಿಂದ ಜೋರಾಗಿ ಬಿದ್ದಾಗ ಮಿದುಳು ಬುರುಡೆಯೊಳಗೇ ತಿರುಚಿಕೊಂಡು, ಒಳಗಿನ ಸಣ್ಣ ನರತಂತುಗಳು ಎಳೆದು ಹರಿದಿರುತ್ತವೆ. ಇದು ಸಿಟಿಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ರಿಪೋರ್ಟ್ ಚೆನ್ನಾಗಿದೆ, ಹುಡುಗ ಮಾತ್ರ ಏಳುತ್ತಿಲ್ಲ ಅನ್ನೋದಕ್ಕೆ ಸಾಮಾನ್ಯ ಕಾರಣ ಇದೇ. ಡಾಕ್ಟರುಗಳು 'ಡಿಎಐ' ಅಂತ ಬರೆದಿರುತ್ತಾರೆ, ಡಿಫ್ಯೂಸ್ ಆಕ್ಸಾನಲ್ ಇಂಜುರಿ. ಎಂಆರ್‌ಐಯಲ್ಲಿ ಇದರ ಗುರುತು ಸಣ್ಣ ಸಣ್ಣ ರಕ್ತದ ಚುಕ್ಕೆಗಳಾಗಿ ಕಾಣುತ್ತೆ. ಚುಕ್ಕೆ ಎಷ್ಟಿವೆ ಅನ್ನೋದಕ್ಕಿಂತ ಎಲ್ಲಿವೆ ಅನ್ನೋದು ಮುಖ್ಯ. ಬ್ರೈನ್ ಸ್ಟೆಮ್‌ನ, ಅಂದರೆ ಮಿದುಳಿನ ಬುಡದಲ್ಲಿರುವ ಕಾಂಡದ, ಎರಡೂ ಕಡೆ ಇದ್ದರೆ ಚಿಂತೆ ಜಾಸ್ತಿ. ಅಲ್ಲೂ ಖಾತ್ರಿ ಅಂತ ಯಾರೂ ಹೇಳೋಕಾಗಲ್ಲ.

ಇನ್ನೊಂದು ಮಾತು. ವೆಂಟಿಲೇಟರ್ ಮೇಲಿರುವವರನ್ನು ಎಂಆರ್‌ಐಗೆ ಒಯ್ಯುವುದು ಸುಲಭವಲ್ಲ, ಅಲ್ಲಿನ ಅಯಸ್ಕಾಂತದ ಹತ್ತಿರ ಮಾಮೂಲಿ ಯಂತ್ರಗಳನ್ನು ತರುವ ಹಾಗಿಲ್ಲ. ಯಾವಾಗ ಒಯ್ಯಬೇಕು ಅನ್ನೋದನ್ನ ನಿಮ್ಮ ಡಾಕ್ಟರಿಗೇ ಬಿಡಿ, ಸಂಬಂಧಿಕರಿಗಲ್ಲ.

ಭವಿಷ್ಯ ಅಂದಾಜು ಮಾಡುವಾಗ ಸ್ಕ್ಯಾನ್ ಒಂದೇ ಲೆಕ್ಕಕ್ಕೆ ಬರಲ್ಲ. 2008ರಲ್ಲಿ ಬಂದ 'ಕ್ರ್ಯಾಶ್' ಅನ್ನೋ ಲೆಕ್ಕಾಚಾರ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿ ಮಾಡಿದ್ದು. ಅದರಲ್ಲಿ ವಯಸ್ಸು, ಜಿಸಿಎಸ್ ಅಂಕ, ಬೆಳಕಿಗೆ ಕಣ್ಣಿನ ಪಾಪೆ ಕುಗ್ಗುತ್ತಾ, ಮೈಮೇಲೆ ಬೇರೆ ದೊಡ್ಡ ಪೆಟ್ಟಿದೆಯಾ, ಇದೆಲ್ಲ ಸೇರಿದ ಮೇಲೆ ಸಿಟಿ. ಜಿಸಿಎಸ್ ಅಂದರೆ 3ರಿಂದ 15ರವರೆಗಿನ ಎಚ್ಚರದ ಅಂಕ, 8 ಮತ್ತು ಅದಕ್ಕಿಂತ ಕಡಿಮೆಯಾದರೆ ತೀವ್ರ ಪೆಟ್ಟು. ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ 'ಕ್ರ್ಯಾಶ್' ಮಾಡಿದವರು ಬೇರೆಯೇ ಲೆಕ್ಕ ಇಟ್ಟಿದ್ದಾರೆ, ಚಿಕಿತ್ಸೆ ಸಿಗುವ ರೀತಿಯಲ್ಲೇ ವ್ಯತ್ಯಾಸ ಇರುತ್ತಲ್ವಾ? ಏನೇ ಆದರೂ ಇಂಥ ಲೆಕ್ಕ ಹೇಳುವುದು ನೂರು ಜನರ ಬಗ್ಗೆ, ಆ ನೂರರಲ್ಲಿ ನಿಮ್ಮ ತಮ್ಮ ಯಾರು ಅಂತ ಅದು ಹೇಳಲ್ಲ.

ನನಗೆ ಭಯ ಆಗೋದು ಬೇರೆ ಕಡೆ. ಸ್ಕ್ಯಾನ್ ಕೆಟ್ಟದಾಗಿದೆ ಅಂತ ವೆಂಟಿಲೇಟರ್ ತೆಗೆಸಿ ಮನೆಗೆ ಕರ್ಕೊಂಡು ಹೋಗ್ತಾರೆ, ರೋಗಿ ತೀರಿಕೊಳ್ತಾನೆ, ಆಮೇಲೆ 'ನೋಡಿ, ಡಾಕ್ಟರ್ ಹೇಳಿದ್ದೇ ಆಯ್ತು' ಅಂತಾರೆ. ಕಾದಿದ್ದರೆ ಏನಾಗುತ್ತಿತ್ತು? 2021ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಎರಡು ವಾರ ಕಳೆದರೂ ಯಾವ ಅರಿವಿನ ಸುಳಿವೂ ಇಲ್ಲದಿದ್ದ 79 ಜನರಲ್ಲಿ 62 ಮಂದಿಗೆ ವರ್ಷದೊಳಗೆ ಅರಿವು ಮರಳಿತು. ಆದರೆ ತಾನು ಯಾರು, ಎಲ್ಲಿದ್ದೇನೆ ಅಂತ ಹೇಳುವಷ್ಟು ಚೇತರಿಸಿಕೊಂಡವರು, ಆ ಬಗ್ಗೆ ಮಾಹಿತಿ ಸಿಕ್ಕವರಲ್ಲಿ, ಕಾಲು ಭಾಗ ಮಾತ್ರ. ಎರಡನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಅಮೆರಿಕದ ನರವೈದ್ಯರ ಸಂಘದ 2018ರ ಮಾರ್ಗಸೂಚಿಯೂ ಮೊದಲ 28 ದಿನ 'ಇನ್ನು ಆಸೆ ಇಲ್ಲ' ಅನ್ನೋ ಮಾತು ಆಡಬೇಡಿ ಅನ್ನುತ್ತೆ.

ನಾಳೆ ರೌಂಡ್ಸ್‌ಗೆ ಬಂದಾಗ 'ಉಳಿಯುತ್ತಾನಾ' ಅಂತ ಕೇಳಬೇಡಿ, ಅದಕ್ಕೆ 'ದೇವರಿಚ್ಛೆ' ಅಂತಲೇ ಉತ್ತರ ಬರುತ್ತೆ. ಜಿಸಿಎಸ್‌ನಲ್ಲಿ ಕೈಕಾಲು ಆಡಿಸುವುದಕ್ಕೆ ಕೊಡುವ ಅಂಕ ಮೊದಲ ದಿನಕ್ಕಿಂತ ಈಗ ಏರಿದೆಯಾ, ಪಾಪೆ ಹೇಗಿದೆ, ಬ್ರೈನ್ ಸ್ಟೆಮ್‌ಗೆ ಪೆಟ್ಟಿದೆಯಾ ಅಂತ ಕೇಳಿ. ದುಡ್ಡಿನ ಚಿಂತೆಯಿಂದ ಮನೆಗೆ ಅಂತ ಯೋಚನೆಯಿದ್ದರೆ, ರೇಷನ್ ಕಾರ್ಡ್ ಹಿಡಿದು ಮೊದಲು ಆಸ್ಪತ್ರೆಯಲ್ಲಿ ಸರ್ಕಾರಿ ಚಿಕಿತ್ಸಾ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕಾಣಿ.

ಪ್ರಶ್ನೆ: ಎಚ್ಚರವಿಲ್ಲದವರಿಗೆ ನಮ್ಮ ಮಾತು ಕೇಳುತ್ತಾ?
– ಓದುಗರು, ರಾಣೆಬೆನ್ನೂರು

ಉತ್ತರ: ಕೆಲವರಿಗೆ ಕೇಳುತ್ತೆ. ರಸ್ತೆ ಅಪಘಾತದಲ್ಲಿ ಪೆಟ್ಟಾಗಿ ತಿಂಗಳುಗಟ್ಟಲೆ ಸ್ಪಂದಿಸದೆ ಮಲಗಿದ್ದ 23ರ ಯುವತಿಯನ್ನು ನರವಿಜ್ಞಾನಿ ಏಡ್ರಿಯನ್ ಓವನ್ ತಂಡ, ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಅಂತ ತೋರಿಸುವ ಫಂಕ್ಷನಲ್ ಎಂಆರ್‌ಐಯಲ್ಲಿ ಮಲಗಿಸಿ, 'ಟೆನಿಸ್ ಆಡುತ್ತಿದ್ದೇನೆ ಅಂದುಕೋ' ಅಂದಿತು. ಆರೋಗ್ಯವಂತರಲ್ಲಿ ಚುರುಕಾಗುವ ಮಿದುಳಿನ ಭಾಗವೇ ಆಕೆಯಲ್ಲೂ ಚುರುಕಾಯಿತು. ಇದು ಪ್ರಕಟವಾಗಿದ್ದು 2006ರಲ್ಲಿ. 2024ರ ದೊಡ್ಡ ಅಧ್ಯಯನದಲ್ಲಿ, ಹೇಳಿದ ಮಾತಿಗೆ ಹೊರಗಿನಿಂದ ಸ್ಪಂದಿಸದ 241 ಜನರಲ್ಲಿ 60 ಮಂದಿಯ ಮಿದುಳು ಒಳಗೇ ಸ್ಪಂದಿಸುತ್ತಿತ್ತು. ಈ ಪರೀಕ್ಷೆ ಸ್ಕ್ಯಾನ್ ಸೆಂಟರ್‌ಗೆ ಹೋಗಿ ಸುಮ್ನೆ ಮಾಡಿಸಿಕೊಂಡು ಬರುವಂಥದ್ದಲ್ಲ. ಮಾತಾಡಿಸೋಕೆ ಮಾತ್ರ ಯಾವ ಸ್ಕ್ಯಾನೂ ಬೇಡ. ಮಾತಾಡಿ. ಹೊಲ-ಮನೆ ಪಾಲಿನ ವಿಷಯವನ್ನು ಮಾತ್ರ ಹಾಸಿಗೆ ಪಕ್ಕ ನಿಂತು ತೆಗೀಬೇಡಿ!

ಪ್ರಶ್ನೆ: ಬ್ರೈನ್ ಡೆಡ್ ಅಂದರೂ ಕೋಮಾ ಅಂದರೂ ಒಂದೇನಾ?
– ಓದುಗರು, ಧಾರವಾಡ

ಉತ್ತರ: ಅಲ್ಲ. ಕೋಮಾದಲ್ಲಿರುವವರು ಬದುಕಿದ್ದಾರೆ. ಬ್ರೈನ್ ಡೆಡ್ ಅಂದರೆ ಮಿದುಳು ಮತ್ತೆಂದೂ ಕೆಲಸ ಮಾಡದ ಹಾಗೆ ನಿಂತುಹೋಗಿದೆ ಅಂತ. ಬ್ರೈನ್ ಡೆಡ್ ಅಂತ ಸುಮ್ಮನೆ ಬಾಯಿಮಾತಿಗೆ ಹೇಳುವ ಹಾಗಿಲ್ಲ. ಅಂಗದಾನಕ್ಕೆ 1994ರ ಕಾಯ್ದೆ ಪ್ರಕಾರ ನಾಲ್ಕು ವೈದ್ಯರ ತಂಡ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಸಹಿ ಹಾಕಬೇಕು. ಯಾರಾದರೂ ಆ ಪದ ಬಳಸಿದರೆ 'ಎರಡೂ ಪರೀಕ್ಷೆ ಆಗಿದೆಯಾ?' ಅಂತ ಕೇಳಿ. ಕೇಳೋದಕ್ಕೆ ಸಂಕೋಚ ಬೇಡ.